ಗುಪ್ತರೋಗವಲ್ಲ, ರಕ್ತನಾಳದ ಸಂಗತಿ

ಕೇಳುಗರಿಗೆ ನಮಸ್ಕಾರ.

ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ‘ನರದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂದು ಚೀಟಿ ಅಂಟಿಸಿರುತ್ತಾರೆ. ಆದರೆ ನಲವತ್ತು ದಾಟಿದವರಲ್ಲಿ ನಿಮಿರುವಿಕೆ ಕುಗ್ಗಿದರೆ, ಎಷ್ಟೋ ಸಲ ಕೆಟ್ಟಿರುವುದು ರಕ್ತನಾಳ.

ಶಿಶ್ನದೊಳಗಿನ ಸ್ಪಂಜಿನಂಥ ಭಾಗಕ್ಕೆ ರಕ್ತ ನುಗ್ಗಿ, ಅಲ್ಲೇ ನಿಂತರೆ ಮಾತ್ರ ಅದು ಗಡುಸಾಗುತ್ತದೆ. ಆ ರಕ್ತ ತರುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳದ್ದು 3ರಿಂದ 4. ಬಿ.ಪಿ., ಕೊಲೆಸ್ಟರಾಲ್, ಬೀಡಿ-ಸಿಗರೇಟು ಎರಡನ್ನೂ ಕೆಡಿಸುತ್ತವೆ, ಸಣ್ಣದು ಮೊದಲು ಸೋಲುತ್ತದೆ. ಸಕ್ಕರೆ ಕಾಯಿಲೆಯಂತೂ ನಾಳ, ನರ ಎರಡಕ್ಕೂ ಕೈಹಾಕುತ್ತದೆ. ಹಾಗಾಗಿ ಕೆಲವರಿಗೆ ಎದೆನೋವಿಗೆ ಎರಡು-ಮೂರು ವರ್ಷ ಮೊದಲೇ ಈ ತೊಂದರೆ ಶುರುವಾಗಿರುತ್ತದೆ.

ಬೆಳಗಿನ ಜಾವ ತಾನಾಗಿಯೇ ನಿಮಿರುತ್ತಿದ್ದು, ಹೆಂಡತಿಯ ಜೊತೆ ಮಾತ್ರ ಆಗದಿದ್ದರೆ ಆತಂಕ, ಜಗಳ, ನಿದ್ದೆಗೇಡು ಕಾರಣವಿರಬಹುದು. ಬೆಳಗಿನದೂ ತಿಂಗಳುಗಟ್ಟಲೆ ಕುಗ್ಗುತ್ತ ಬಂದಿದ್ದರೆ ಬಿ.ಪಿ. ನೋಡಿಸಿ, ಖಾಲಿ ಹೊಟ್ಟೆಯ ಸಕ್ಕರೆ, ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಆಸೆಯೇ ಇಲ್ಲವೆಂದರೆ ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೂಡ. ಅದಕ್ಕೆ ಬೆಳಿಗ್ಗೆ 10ರೊಳಗೇ ರಕ್ತ ಕೊಡಬೇಕು, ಮಧ್ಯಾಹ್ನದ ಹೊತ್ತಿಗೆ ಮಟ್ಟ ಇಳಿದಿರುತ್ತದೆ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡದೆ ಇಂಜೆಕ್ಷನ್‌ಗೆ ಒಪ್ಪಬೇಡಿ; ಅದು ವೀರ್ಯಾಣುಗಳನ್ನು ತಗ್ಗಿಸುತ್ತದೆ, ಮಕ್ಕಳು ಬೇಕೆನ್ನುವವರಿಗೆ ಸಲ್ಲದು.

ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹಲವರು ಅದನ್ನು ಬಿರಿಯಾನಿ ಉಂಡ ಮೇಲೆ ನುಂಗಿರುತ್ತಾರೆ. ಜಿಡ್ಡಿನ ಊಟ ಅದನ್ನು ತಡಮಾಡುತ್ತದೆ. ಕೂಡುವುದಕ್ಕೆ ಸುಮಾರು ಒಂದು ಗಂಟೆ ಮುಂಚೆ, ಹಗುರ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು; ಮನಸ್ಸು ಉದ್ರೇಕಗೊಳ್ಳದೆ ಮಾತ್ರೆಯೊಂದೇ ಏನೂ ಮಾಡದು. ಎದೆನೋವಿಗೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಡುವವರು ಇದನ್ನು ಮುಟ್ಟಲೇಬಾರದು, ಬಿ.ಪಿ. ಕುಸಿದು ಜೀವಕ್ಕೇ ಕುತ್ತು. ಬೇರು-ನಾರಿನ ‘ಶಕ್ತಿಪುಡಿ’ಗಳಲ್ಲೂ ಇದೇ ಔಷಧಿಯನ್ನು ಕದ್ದು ಬೆರೆಸಿದ್ದು ಸಿಕ್ಕಿಬಿದ್ದಿದೆ. ನಿಮಿರಿದ್ದು 4 ಗಂಟೆಯಾದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಓಡಿ.

ಹರೆಯದವರ ಚಿಂತೆ ಬೇರೆ: ಧಾತು ಹೋಗುತ್ತಿದೆ, ಮೈ ಸೊರಗುತ್ತಿದೆ ಅಂತ. ಸ್ವಪ್ನಸ್ಖಲನ ಸಹಜ. ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ. ಗ್ರಂಥಿಗಳು ಮತ್ತೆ ಮತ್ತೆ ಉತ್ಪಾದಿಸುತ್ತವೆ. ಮೂತ್ರ ಬೆಳ್ಳಗೆ ಕದಡಿದರೆ ಅದು ಬಹಳ ಸಲ ಫಾಸ್ಫೇಟ್ ಲವಣ. ಉರಿಯೂ ಇದ್ದರೆ ಸೋಂಕಿಗೆ ಪರೀಕ್ಷೆ ಆಗಲಿ.

ವೈದ್ಯರಲ್ಲಿಗೆ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಯ್ಯಿರಿ. ಬಿ.ಪಿ.ಗೆ ಕೊಡುವ ಅಟೆನೊಲಾಲ್, ಖಿನ್ನತೆಗೆ ಕೊಡುವ ಸರ್ಟ್ರಲಿನ್ ಇಂಥವೂ ನಿಮಿರುವಿಕೆ ಕುಗ್ಗಲು ಕಾರಣವಾಗುವುದುಂಟು. ನೀವಾಗಿ ನಿಲ್ಲಿಸಬೇಡಿ, ಬದಲಿ ಮಾತ್ರೆ ಕೇಳಿ.