ಇ-ಪುಸ್ತಕ ಮತ್ತು ಲೇಖಕರ ಕರಾರು

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿಯ ಸಾಹಿತ್ಯ ಸಭೆಗಳಲ್ಲಿ ಇ-ಪುಸ್ತಕದ ಪ್ರಸ್ತಾಪ ಬಂದರೆ ಚರ್ಚೆ ಬಹುಬೇಗ ಕಾಗದದ ವಾಸನೆಯ ಕಡೆಗೆ ಹೊರಳಿಬಿಡುತ್ತದೆ. ಪರದೆಯ ಮೇಲೆ ಓದುವುದು ಹಿತವೋ ಅಲ್ಲವೋ ಎಂಬುದನ್ನು ಓದುಗರು ತಾವೇ ತೀರ್ಮಾನಿಸಿಕೊಳ್ಳಲಿ. ಬರೆಯುವವರು ವಿಚಾರಿಸಬೇಕಾದದ್ದು, ಪುಸ್ತಕವನ್ನು ಅಂತರ್ಜಾಲದ ಅಂಗಡಿಗೆ ಏರಿಸುವ ಹೊತ್ತಿನಲ್ಲಿ ಓದದೆಯೇ 'ಒಪ್ಪಿದ್ದೇನೆ' ಎಂದು ಒತ್ತುವ ಷರತ್ತುಗಳಲ್ಲಿ ನಾವು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು.

ಅಮೆಜಾನ್‌ನ ಇ-ಪುಸ್ತಕದ ಅಂಗಡಿಯಾದ ಕಿಂಡಲ್‌ನಲ್ಲಿ ಲೇಖಕರೇ ಪುಸ್ತಕ ಪ್ರಕಟಿಸುವ 'ಕೆಡಿಪಿ' ಎಂಬ ಸ್ವಪ್ರಕಾಶನ ವ್ಯವಸ್ಥೆಯನ್ನೇ ನೋಡೋಣ. ಅಲ್ಲಿ ರಾಯಧನ ಶೇ. 35 ಮತ್ತು ಶೇ. 70 ಎಂಬ ಎರಡು ದರಗಳಲ್ಲಿದೆ. ಭಾರತದ ಮಾರಾಟಕ್ಕೆ ಹೆಚ್ಚಿನ ದರ ಬೇಕಿದ್ದರೆ ಪುಸ್ತಕವನ್ನು 'ಕೆಡಿಪಿ ಸೆಲೆಕ್ಟ್' ಯೋಜನೆಗೆ ಸೇರಿಸಬೇಕಾಗುತ್ತದೆ. ಸೇರಿಸಿದ ಮೇಲೆ 90 ದಿನಗಳ ಕಾಲ ಆ ಇ-ಪುಸ್ತಕವನ್ನು ಬೇರೆ ಅಂಗಡಿಯಲ್ಲಿ ಮಾತ್ರವಲ್ಲ, ಲೇಖಕರ ಸ್ವಂತ ಜಾಲತಾಣದಲ್ಲೂ ಮಾರುವಂತಿಲ್ಲ. ಲೇಖಕರೇ ಬೇಡವೆಂದು ಗುರುತು ತೆಗೆಯದಿದ್ದರೆ ಅವಧಿ ತಾನಾಗಿ ಮುಂದುವರಿಯುತ್ತದೆ. ಇದನ್ನು ಮೋಸವೆನ್ನಲಾರೆ, ಷರತ್ತು ಬರೆದೇ ಇದೆ. ಆದರೆ 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಪುಸ್ತಕಗಳು ಬಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕೇರಳದ ಗಡಿಯಾದ ತಲಪಾಡಿಯ ಆಚೆ ಮಲಯಾಳದಲ್ಲಿ ಬರೆಯುವವರಿಗೆ ಸಿಕ್ಕಿದ ಅವಕಾಶ ಈಚೆಗಿನ ನಮಗೆ ಸಿಗಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳ ಮೇಲೆ ನನಗೆ ಹೆಚ್ಚು ಭರವಸೆಯಿರುವುದಕ್ಕೆ ಅಭಿಮಾನದಷ್ಟೇ ಇದೂ ಕಾರಣ.

ಕರಾರಿಗಿಂತ ಮೊದಲೇ ಎದುರಾಗುವ ತೊಡಕೊಂದಿದೆ. ನಮ್ಮ ಮುದ್ರಣಾಲಯಗಳಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಜೋಡಿಸಿದ ಕಡತವನ್ನು ಹಾಗೆಯೇ ಇ-ಪುಸ್ತಕಕ್ಕೆ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಯುನಿಕೋಡಿಗೆ ಪರಿವರ್ತಿಸಿದ ಬಳಿಕವೂ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಸಾಲುಸಾಲಾಗಿ ನೋಡಿಯೇ ತಿದ್ದಬೇಕು. ಈ ದುಡಿಮೆ ತಪ್ಪಿಸಲು ಪಿಡಿಎಫ್ ಏರಿಸುವವರಿದ್ದಾರೆ. ಆರು ಇಂಚಿನ ಪರದೆಯಲ್ಲಿ ಆ ಪುಟ ಇರುವೆಯ ಸಾಲಿನಂತೆ ಕಾಣುತ್ತದೆ, ಅಕ್ಷರ ಹಿಗ್ಗಿಸಿದರೆ ಸಾಲು ಅಂಚಿನಾಚೆ ಹೋಗುತ್ತದೆ. ಇ-ಪುಸ್ತಕಕ್ಕೆಂದೇ ಇರುವ ಇಪಬ್ ಎಂಬ ಕಡತದ ರೂಪದಲ್ಲಾದರೆ ಪಠ್ಯ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಕೋವಿದ್ ಗೋಯಲ್ ಎಂಬ ಭಾರತೀಯರು 2006ರಲ್ಲಿ ಆರಂಭಿಸಿದ ಕ್ಯಾಲಿಬರ್ ಎಂಬ ಮುಕ್ತ ತಂತ್ರಾಂಶ ಇಪಬ್‌ಗೆ ಪರಿವರ್ತಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಶುದ್ಧಗೊಂಡ ಆ ಮೂಲ ಕಡತ ಲೇಖಕರ ಬಳಿಯೇ ಉಳಿದಿರಬೇಕೆಂಬುದು ನನ್ನ ಹಟ.

ಹಟಕ್ಕೆ ಕಾರಣವಿದೆ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿನ ತಕರಾರಿನಿಂದಾಗಿ, ಗ್ರಾಹಕರು ಹಣ ಕೊಟ್ಟು ಕೊಂಡಿದ್ದ ಕೆಲವು ಪುಸ್ತಕಗಳನ್ನು ಅವರ ಕಿಂಡಲ್ ಓದುಸಾಧನಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಮರಳಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2025ರ ಫೆಬ್ರವರಿ 26ರಿಂದ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ಲಿನ ಮೂಲಕ ಸಾಧನಕ್ಕೆ ವರ್ಗಾಯಿಸುವ ಸೌಲಭ್ಯವೂ ನಿಂತಿತು. ಓದುಗರು ಕೊಳ್ಳುತ್ತಿರುವುದು ಪುಸ್ತಕವನ್ನಲ್ಲ, ಓದುವ ಪರವಾನಗಿಯನ್ನು.

ಲೇಖಕರ ಕೈಯಲ್ಲಿ ಕಾನೂನಾದರೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ನಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಕರಾರಿನ ಕಾಲಕ್ಕೆ ಬಳಕೆಯಲ್ಲಿರದ ಮಾಧ್ಯಮಕ್ಕೆ, ಅದನ್ನು ಸ್ಪಷ್ಟವಾಗಿ ಹೆಸರಿಸದ ಹೊರತು, ವರ್ಗಾವಣೆ ಅನ್ವಯಿಸುವುದಿಲ್ಲವೆಂದು 2012ರ ತಿದ್ದುಪಡಿ ಸೇರಿಸಿತು. ಆದರೆ ಇಂದು ಸಹಿ ಹಾಕುವವರಿಗೆ ಇ-ಪುಸ್ತಕವಾಗಲಿ ಆಡಿಯೊ ಆಗಲಿ ಹೊಸ ಮಾಧ್ಯಮವಲ್ಲ. 'ಎಲ್ಲ ರೂಪಗಳಲ್ಲಿ, ಶಾಶ್ವತವಾಗಿ' ಎಂಬ ಪದಗಳು ಕರಾರಿನಲ್ಲಿದ್ದರೆ ಅವನ್ನು ಹೊಡೆದು, ಯಾವ ರೂಪ, ಎಷ್ಟು ವರ್ಷ, ರಾಯಧನದ ಲೆಕ್ಕ ಯಾವ ತಿಂಗಳಿಗೆ ಎಂದು ಬರೆಸಿದ ಮೇಲೆಯೇ ಸಹಿ ಹಾಕಬೇಕು. ಪ್ರಕಾಶಕರು ನಮ್ಮ ಪರಿಚಯದವರೇ ಆಗಿದ್ದರೂ ಹೀಗೆಯೇ ಬರೆಸಬೇಕು. ಪರಿಚಯದವರೆಂಬ ದಾಕ್ಷಿಣ್ಯಕ್ಕೆ ಬಾಯಿಮಾತಿನಲ್ಲೇ ಹಕ್ಕು ಕೊಟ್ಟವರು ನಮ್ಮೂರಿನಲ್ಲಿ ಕಡಿಮೆಯೇನಿಲ್ಲ.