ರೈಲಿಲ್ಲದ ಪ್ಲಾಟ್‌ಫಾರ್ಮ್: ಉತ್ತರ ಲಂಡನ್ನಿನ ಮುಚ್ಚಿಹೋದ ಹಳಿಯ ಜಾಡಿನಲ್ಲಿ

ಹೋದ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದಿದ್ದಾಗ ಒಂದು ಸಂಜೆ ಇಲ್ಲಿಗೆ ವಾಕಿಂಗ್ ಕರೆದುಕೊಂಡು ಬಂದಿದ್ದೆ. ಎರಡೂ ಕಡೆ ಮರ, ಕಾಲಡಿಗೆ ಮಣ್ಣು. ನಡೆಯುತ್ತಾ ನಡೆಯುತ್ತಾ ಅಮ್ಮ ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟರು. "ಇದೇನೇ ಇದು, ಕಾಡಿನ ಮಧ್ಯ ಪ್ಲಾಟ್‌ಫಾರ್ಮ್? ರೈಲೆಲ್ಲಿ?"

ಅವತ್ತು ಸರಿಯಾದ ಉತ್ತರ ಕೊಡೋಕೆ ನನ್ನ ಕೈಲಿ ಆಗಲಿಲ್ಲ. ಅಮ್ಮ, ಈ ವಿಡಿಯೋ ನಿಮಗೆ.

ಈಗ ನೋಡ್ತಿದ್ದೀರಲ್ಲ, ಇದು ಕ್ರೌಚ್ ಎಂಡ್ ಸ್ಟೇಷನ್. ಅಂದರೆ, ಆಗಿತ್ತು. ಎರಡು ಪ್ಲಾಟ್‌ಫಾರ್ಮ್ ಎದುರುಬದುರು ಹಾಗೇ ಉಳಿದಿವೆ. ನಡುವೆ ಹಳಿ ಇರಬೇಕಾದ ಕಡೆ ನಾಯಿ ಜೊತೆ ಓಡುವವರು, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಹೋಗುವವರು. ಈ ಜಾಗದ ಹೆಸರು ಪಾರ್ಕ್‌ಲ್ಯಾಂಡ್ ವಾಕ್. ಫಿನ್ಸ್‌ಬರಿ ಪಾರ್ಕಿನಿಂದ ಹೈಗೇಟ್ ಕಡೆಗೆ, ಅಲ್ಲಿಂದ ಮುಂದೆ ಮಸ್‌ವೆಲ್ ಹಿಲ್ ಕಡೆಗೆ ಹತ್ತುತ್ತಿದ್ದ ರೈಲು ದಾರಿ ಇದು.

ಮೊದಲ ರೈಲು ಓಡಿದ್ದು 1867ರ ಆಗಸ್ಟ್ 22ಕ್ಕೆ. ಫಿನ್ಸ್‌ಬರಿ ಪಾರ್ಕಿನಿಂದ ಹೈಗೇಟ್ ಮೇಲೆ ಹಾದು ಎಜ್‌ವೇರ್‌ವರೆಗೆ. ನಾನು ಹೇಳಹೊರಟಿರುವುದು ಮಾತ್ರ ಹೈಗೇಟಿನಿಂದ ಕವಲೊಡೆದು ಗುಡ್ಡದ ಮೇಲಿನ ಅಲೆಕ್ಸಾಂಡ್ರಾ ಪ್ಯಾಲೇಸಿಗೆ ಹೋದ ಕೊಂಬೆಯ ಕಥೆ. ಪ್ಯಾಲೇಸ್ ಅಂದರೆ ರಾಜನ ಅರಮನೆಯಲ್ಲ, ಜನಸಾಮಾನ್ಯರ ಮನರಂಜನೆಗೆ ಕಟ್ಟಿದ್ದ ದೊಡ್ಡ ಸಭಾಂಗಣ. 1873ರ ಮೇ 24ರಂದು ಪ್ಯಾಲೇಸೂ ತೆರೆಯಿತು, ಅದಕ್ಕೆಂದೇ ಹಾಕಿದ ರೈಲೂ ಶುರುವಾಯಿತು. ಹದಿನಾರೇ ದಿನ. ಜೂನ್ 9ಕ್ಕೆ ಪ್ಯಾಲೇಸ್ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಹೋಗಬೇಕಾದ ಊರೇ ಇಲ್ಲದ ಮೇಲೆ ರೈಲು ಯಾಕೆ? ನಿಲ್ಲಿಸಿದರು. ಪ್ಯಾಲೇಸನ್ನು ಮತ್ತೆ ಕಟ್ಟಿ 1875ರ ಮೇ 1ಕ್ಕೆ ತೆರೆದಾಗ ರೈಲೂ ಮತ್ತೆ ಬಂತು.

ಆಮೇಲೆ ಈ ಗುಡ್ಡಗಳ ಮೇಲೆ ಸಾಲು ಸಾಲು ಇಟ್ಟಿಗೆ ಮನೆಗಳು ಎದ್ದವು. 1881ರಲ್ಲಿ ಸ್ಟ್ರೌಡ್ ಗ್ರೀನ್ ಸ್ಟೇಷನ್ ಬಂತು, 1902ರಲ್ಲಿ ಕ್ರ್ಯಾನ್ಲಿ ಗಾರ್ಡನ್ಸ್. ಬೆಳಿಗ್ಗೆ ಇಲ್ಲಿಂದ ಹೊಗೆಬಂಡಿ ಹತ್ತಿದರೆ ಕಿಂಗ್ಸ್ ಕ್ರಾಸ್‌ಗೆ ಹೋಗಿ ಕೆಲಸಕ್ಕೆ ಸೇರಬಹುದಿತ್ತು.

ಸ್ವಲ್ಪ ನಿಲ್ಲಿ, ಇಲ್ಲಿ ಮೇಲೆ ನೋಡಿ. ಇಟ್ಟಿಗೆ ಕಮಾನಿನೊಳಗಿಂದ ಒಂದು ಆಕೃತಿ ಹೊರಗೆ ಬರ್ತಾ ಇದೆ. ಸ್ಪ್ರಿಗನ್ ಅಂತಾರೆ, ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಜನಪದ ನಂಬಿಕೆಯ ಒಂದು ಜೀವಿ. ಮೆರಿಲಿನ್ ಕಾಲಿನ್ಸ್ ಎಂಬ ಶಿಲ್ಪಿ 1993ರಲ್ಲಿ ಮಾಡಿದ್ದು. ಮೊದಲ ಸಲ ಮುಸ್ಸಂಜೆಯಲ್ಲಿ ನೋಡಿದಾಗ ಎದೆ ಝಲ್ ಅಂದಿತ್ತು.

ಸರಿ, ಕಥೆಗೆ ಬರೋಣ. ನನ್ನನ್ನು ಕಾಡುವ ಭಾಗ ಇನ್ನು ಮುಂದೆ ಇದೆ. ಈ ದಾರಿ ಮುಚ್ಚಿದ್ದು ಯಾರಿಗೂ ಬೇಡವಾಗಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಡೆದದ್ದು ತಿರುಗಾಮುರುಗಾ. 1935ರಲ್ಲಿ ಲಂಡನ್ ಟ್ರಾನ್ಸ್‌ಪೋರ್ಟ್ ದೊಡ್ಡದೊಂದು ಯೋಜನೆ ಹಾಕಿತು: ಈ ಗುಡ್ಡಗಳ ಉಗಿಬಂಡಿ ದಾರಿಗಳಿಗೆಲ್ಲ ವಿದ್ಯುತ್ ಕೊಟ್ಟು ಟ್ಯೂಬಿನ, ಅಂದರೆ ಲಂಡನ್ನಿನ ಮೆಟ್ರೋದ, ನಾರ್ದರ್ನ್ ಲೈನಿಗೆ ಸೇರಿಸುವುದು. ನಾರ್ದರ್ನ್ ಹೈಟ್ಸ್ ಯೋಜನೆ ಅಂತ ಅದರ ಹೆಸರು. ಕೆಲಸ ಶುರುವೂ ಆಯಿತು. ವಿದ್ಯುತ್ತಿಗೆಂದು ಕಟ್ಟಿದ ಸಬ್‌ಸ್ಟೇಷನ್ನಿನ ಕಟ್ಟಡ ಕ್ರೌಚ್ ಹಿಲ್ ಹತ್ತಿರ ಇದೇ ದಾರಿಯ ಪಕ್ಕದಲ್ಲಿ ಇನ್ನೂ ನಿಂತಿದೆ. ಆಗಿನ ಟ್ಯೂಬ್ ನಕ್ಷೆಗಳಲ್ಲಿ ಮಸ್‌ವೆಲ್ ಹಿಲ್, ಅಲೆಕ್ಸಾಂಡ್ರಾ ಪ್ಯಾಲೇಸ್ ಹೆಸರುಗಳನ್ನು 'ನಿರ್ಮಾಣ ಹಂತದಲ್ಲಿದೆ' ಎಂದು ಅಚ್ಚು ಹಾಕಿದ್ದರು. ಇಂಥ ಒಂದು ನಕ್ಷೆಯನ್ನು ನೋಡುತ್ತಾ ನಾನು ತುಂಬಾ ಹೊತ್ತು ಕೂತಿದ್ದೆ. ಬರುತ್ತೇನೆ ಅಂತ ಮಾತು ಕೊಟ್ಟ ರೈಲು!

ಅಷ್ಟರಲ್ಲಿ ಯುದ್ಧ ಬಂತು. ಅಲ್ಲಿವರೆಗೆ ಎಲ್ಲಿ ಹೆಚ್ಚು ಕೆಲಸ ಮುಗಿದಿತ್ತೋ ಅಷ್ಟಕ್ಕೆ ಮಾತ್ರ ಟ್ಯೂಬ್ ಬಂತು. 1940ರ ಏಪ್ರಿಲ್‌ನಲ್ಲಿ ಹೈ ಬಾರ್ನೆಟ್, 1941ರ ಮೇನಲ್ಲಿ ಮಿಲ್ ಹಿಲ್ ಈಸ್ಟ್. ನಮ್ಮ ಈ ಕೊಂಬೆ ಬಾಕಿ ಉಳಿಯಿತು. ಯೋಜನೆಯ ಹೊಸ ರೈಲುಗಳಿಗಾಗಿ ಆಲ್ಡನ್‌ಹ್ಯಾಮ್‌ನಲ್ಲಿ ಕಟ್ಟಿದ್ದ ಡಿಪೋದಲ್ಲಿ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳು ತಯಾರಾದವು.

ಹೈಗೇಟಿನಲ್ಲಿ ಈ ಎರಡು ಕಾಲ ಒಂದರ ಮೇಲೊಂದು ಕೂತಿವೆ. ಕೆಳಗೆ ಆಳದಲ್ಲಿ ಟ್ಯೂಬ್ ಪ್ಲಾಟ್‌ಫಾರ್ಮ್, 1941ರ ಜನವರಿಯಲ್ಲಿ ತೆರೆದದ್ದು, ಈಗಲೂ ಅಲ್ಲಿ ರೈಲು ನಿಲ್ಲುತ್ತದೆ. ನೇರ ಮೇಲೆ, ಕಂದಕದಲ್ಲಿ, ಹಳೇ ಸ್ಟೇಷನ್. ಟ್ಯೂಬ್ ಬರುತ್ತದೆಂದು ಹೊಸದಾಗಿ ಕಟ್ಟಿದ ಪ್ಲಾಟ್‌ಫಾರ್ಮ್ ಅದು. ಟ್ಯೂಬ್ ರೈಲು ಬಂದು ನಿಲ್ಲಲೇ ಇಲ್ಲ. ಎರಡು ಬದಿಯ ಸುರಂಗಗಳಲ್ಲಿ ಈಗ ಬಾವಲಿಗಳ ವಾಸ, ಅವುಗಳಿಗೆ ತೊಂದರೆ ಆಗಬಾರದೆಂದು ಬಾಯಿ ಮುಚ್ಚಿದ್ದಾರೆ. ಹಾಗಾಗಿ ಅಲ್ಲಿ ನಡೆಯುವ ದಾರಿ ತುಂಡಾಗುತ್ತದೆ. ನಾವೂ ರಸ್ತೆಗೆ ಹತ್ತಿ, ಕಾಡಿನ ಅಂಚು ಹಿಡಿದು ಮುಂದಿನ ಭಾಗಕ್ಕೆ ಇಳಿಯೋಣ.

ಯುದ್ಧದ ಹೊತ್ತಿಗೇ ಇಲ್ಲಿನ ರೈಲುಗಳನ್ನು ಕಡಿಮೆ ಮಾಡಿ, ಬೆಳಿಗ್ಗೆ ಸಂಜೆಯ ದಟ್ಟಣೆ ಹೊತ್ತಿಗೆ ಫಿನ್ಸ್‌ಬರಿ ಪಾರ್ಕಿನವರೆಗೆ ಮಾತ್ರ ಓಡಿಸುತ್ತಿದ್ದರು. ಅಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ಹೀಗೆ ಮಾಡಿದರೆ ಜನ ಬಸ್ಸು ಹತ್ತದೆ ಇನ್ನೇನು ಮಾಡುತ್ತಾರೆ? 1951ರ ಅಕ್ಟೋಬರ್ ಕೊನೆಗೆ ಕಲ್ಲಿದ್ದಲು ಕೊರತೆ ಅಂತ ಪೂರ್ತಿ ನಿಲ್ಲಿಸಿದರು. 1952ರ ಜನವರಿಯಲ್ಲಿ ಮತ್ತೆ ಬಿಟ್ಟರು. 1954ರ ಜುಲೈ 3 ಕೊನೆಯ ಪ್ರಯಾಣಿಕರ ರೈಲು. ಬ್ರಿಟನ್ನಿನ ಸಾವಿರಾರು ಮೈಲಿ ಹಳಿಗೆ ಕುತ್ತು ತಂದ ಬೀಚಿಂಗ್ ವರದಿ ಬರೋಕೆ ಇನ್ನೂ ಒಂಬತ್ತು ವರ್ಷ ಇತ್ತು.

ಒಬ್ಬರು ಯಾರೋ ಕೂತು ಈ ದಾರಿ ಬೇಡ ಅಂತ ತೀರ್ಮಾನ ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಇಲ್ಲಿ ಆದದ್ದು ಬರೀ ಮುಂದೂಡುವಿಕೆ. ಆಮೇಲೆ ನೋಡೋಣ, ಯುದ್ಧ ಮುಗೀಲಿ, ದುಡ್ಡು ಬರಲಿ. ಕಾದು ಕಾದು ಬಡವಾದ ಮೇಲೆ, ನಿನ್ನನ್ನು ಕೇಳುವವರೇ ಇಲ್ಲವಲ್ಲ ಅಂದರು.

ಹಳಿ ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿಯಿತು. ಗೂಡ್ಸ್ ಗಾಡಿಗಳು ಕ್ರ್ಯಾನ್ಲಿ ಗಾರ್ಡನ್ಸ್‌ವರೆಗೆ 1957ರ ತನಕ ಬಂದವು. ಇನ್ನೊಂದು ವಿಷಯ ಓದಿದಾಗ ನನಗೆ ಖುಷಿಯೂ ಸಂಕಟವೂ ಒಟ್ಟಿಗೇ ಆಯಿತು. 1970ರವರೆಗೆ ಫಿನ್ಸ್‌ಬರಿ ಪಾರ್ಕ್ ಮತ್ತು ಹೈಗೇಟ್ ನಡುವೆ ಖಾಲಿ ಟ್ಯೂಬ್ ಬೋಗಿಗಳನ್ನು ಬ್ಯಾಟರಿ ಎಂಜಿನ್ ಕಟ್ಟಿ ಡಿಪೋಗೆ ಎಳೆದುಕೊಂಡು ಹೋಗುತ್ತಿದ್ದರಂತೆ. ಅಂದರೆ ಟ್ಯೂಬ್ ರೈಲು ಈ ಸ್ಟೇಷನ್‌ಗಳನ್ನು ಹಾದು ಹೋಗಿದೆ! ಒಬ್ಬ ಪ್ರಯಾಣಿಕರೂ ಇಲ್ಲದೆ.

ಆಮೇಲೆ ಹಳಿ ಕಿತ್ತರು. 1984ರಲ್ಲಿ ಪಾರ್ಕ್‌ಲ್ಯಾಂಡ್ ವಾಕ್ ಆಯಿತು. ಎಂಬತ್ತರ ದಶಕದಲ್ಲಿ ಇದರ ಮೇಲೆ ವಾಹನಗಳಿಗೆ ರಸ್ತೆ ಹಾಕುವ ಮಾತೂ ಬಂದಿತ್ತು. ಇಲ್ಲಿನ ಜನ ಜಗ್ಗದೆ ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. 1990ರಿಂದ ಇದು ಸ್ಥಳೀಯ ನಿಸರ್ಗಧಾಮ.

ಈಗ ನಾವು ಮಸ್‌ವೆಲ್ ಹಿಲ್ ಮೇಲುಸೇತುವೆ ಮೇಲಿದ್ದೇವೆ. ಕೆಳಗೆ ಸೇಂಟ್ ಜೇಮ್ಸಸ್ ಲೇನ್, ನಮ್ಮ ಕಾಲಡಿಗೆ ಹದಿನೇಳು ಇಟ್ಟಿಗೆ ಕಮಾನುಗಳು. ದಕ್ಷಿಣಕ್ಕೆ ನೋಡಿ, ಲಂಡನ್ ಪೂರ್ತಿ ಹರಡಿಕೊಂಡಿದೆ. ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕೂತವರು ಇದನ್ನು ನೋಡುತ್ತಾ ಕೆಲಸಕ್ಕೆ ಹೋಗುತ್ತಿದ್ದರು. ಇವತ್ತು ಅವರ ಮೊಮ್ಮಕ್ಕಳು ಡಬ್ಲ್ಯೂ 7 ಬಸ್ಸಿನಲ್ಲಿ ಅದೇ ಫಿನ್ಸ್‌ಬರಿ ಪಾರ್ಕಿಗೆ ಇಳಿಯುತ್ತಾರೆ.

ಇನ್ನು ಸ್ವಲ್ಪ ಮುಂದೆ ದಾರಿ ನಿಂತುಬಿಡುತ್ತದೆ. ಮಸ್‌ವೆಲ್ ಹಿಲ್ ಸ್ಟೇಷನ್ ಇದ್ದ ಜಾಗದಲ್ಲಿ ಪ್ರೈಮರಿ ಸ್ಕೂಲ್ ಇದೆ. ಅಮ್ಮ, ಅವತ್ತು ನಿಮಗೆ ಕಾಲುನೋವು ಅಂತ ಅರ್ಧಕ್ಕೇ ವಾಪಸ್ ಹೋಗಿದ್ದೆವು. ಮುಂದಿನ ಸಲ ಬಂದಾಗ ಮೊದಲು ಇಲ್ಲಿಗೇ ಬಸ್ಸಿನಲ್ಲಿ ಬರೋಣ, ಇಳಿಜಾರಿನಲ್ಲಿ ನಿಧಾನಕ್ಕೆ ಕ್ರೌಚ್ ಎಂಡ್‌ವರೆಗೆ ನಡೆಯೋಣ. ಆ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತುಕೊಳ್ಳಬಹುದು.