ಚಿತ್ರದ ಜೊತೆ ನೆಗೆಟಿವ್ ಅನ್ನೂ ತೋರಿಸಿ

ಸ್ನೇಹಿತರೇ,

ಹಳೆಯ ಕ್ಯಾಮೆರಾಗಳಲ್ಲಿ ಫಿಲ್ಮ್ ತುಂಬಿ ಚಿತ್ರ ತೆಗೆಯುವ ಹವ್ಯಾಸಿಗಳು ಒಂದೆಡೆ ಸೇರಿದರೆ ಏನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಒಬ್ಬರು ಚಿತ್ರ ತೋರಿಸುತ್ತಾರೆ. ಅದರ ಕೆಳಗೆ ಕ್ಯಾಮೆರಾದ ಹೆಸರು, ಲೆನ್ಸಿನ ಹೆಸರು, ಫಿಲ್ಮಿನ ಹೆಸರು. ಉಳಿದವರು ‘ಎಂಥ ಟೋನ್!’ ಎನ್ನುತ್ತಾರೆ. ಯಾರೋ ಒಬ್ಬರು ‘ಈ ಗುಣ ಡಿಜಿಟಲ್‌ನಲ್ಲಿ ಎಲ್ಲಿಂದ ಬರಬೇಕು’ ಎಂದು ನಿಟ್ಟುಸಿರು ಬಿಡುತ್ತಾರೆ. ಚರ್ಚೆ ಮುಗಿಯಿತು. ಇದರಲ್ಲಿ ಸ್ನೇಹವಿದೆ, ಉತ್ಸಾಹವಿದೆ, ಕಲಿಕೆಯೊಂದು ಇಲ್ಲ. ಚಿತ್ರವನ್ನು ತೋರಿಸುವಾಗ ಅದರ ನೆಗೆಟಿವ್ ಅನ್ನೂ, ಅಂದರೆ ಬೆಳಕು ಕಪ್ಪಾಗಿ ನೆರಳು ತಿಳಿಯಾಗಿ ಮೂಡಿದ ಮೂಲ ಫಿಲ್ಮನ್ನೂ, ತೋರಿಸಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಕ್ಯಾಮೆರಾದ ವಿಷಯ. ನಾವು ಅದಕ್ಕೆ ಸಲ್ಲದ ಕೀರ್ತಿಯನ್ನೆಲ್ಲ ಕೊಡುತ್ತೇವೆ. ಲೆನ್ಸ್, ಫಿಲ್ಮ್, ಸಂಸ್ಕರಣೆ, ಸ್ಕ್ಯಾನಿಂಗ್ ಇವು ಚಿತ್ರದ ಬಣ್ಣವನ್ನೂ ನೆರಳು ಬೆಳಕನ್ನೂ ನಿರ್ಧರಿಸುತ್ತವೆ. ಕ್ಯಾಮೆರಾದ ಒಡಲು ಬೆಳಕು ಹೊಗದ ಒಂದು ಪೆಟ್ಟಿಗೆ, ಅಷ್ಟೇ. ಆದರೂ ‘ಈ ಕ್ಯಾಮೆರಾದ ಬಣ್ಣವೇ ಬೇರೆ’ ಎಂಬ ಮಾತು ನಿಲ್ಲುವುದಿಲ್ಲ. ಪೆಂಟಾಕ್ಸ್ ಕ್ಯಾಮೆರಾಗಳಿಗೆಂದು ತಯಾರಾದ ಏಳು ಗಾಜುಗಳ ಸೂಪರ್ ಟಕುಮಾರ್ 50 ಮಿ.ಮೀ. ಲೆನ್ಸನ್ನು ನೋಡಿ. ಅದರ ಗಾಜಿನಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ. ವರ್ಷಗಳು ಕಳೆದಂತೆ ಆ ಗಾಜು ಹಳದಿಗೆ ತಿರುಗುತ್ತದೆ. ನಾವು ‘ಹಳೆಯ ಕಾಲದ ಬೆಚ್ಚನೆಯ ಬಣ್ಣ’ ಎಂದು ಹೊಗಳುತ್ತಿರುವುದು ಬಹಳ ಸಲ ಆ ಹಳದಿ ಗಾಜನ್ನೇ. ಕೆಲವು ದಿನ ಬಿಸಿಲಿಗೋ ಅತಿನೇರಳೆ ದೀಪಕ್ಕೋ ಒಡ್ಡಿದರೆ ಹಳದಿ ಬಹಳಷ್ಟು ಇಳಿದುಹೋಗುತ್ತದೆ. ಜೊತೆಗೆ ಆ ಬೆಚ್ಚನೆಯ ಬಣ್ಣವೂ!

ಹೆಲಿಯೋಸ್ 44 ಲೆನ್ಸಿನ ಸುಳಿ ಸುತ್ತುವ ಹಿನ್ನೆಲೆಯೂ ಹೀಗೆಯೇ. ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಲೆನ್ಸಿನ ಮಾದರಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದ 58 ಮಿ.ಮೀ. ಲೆನ್ಸ್ ಅದು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹೊಗುವ ಕಿಂಡಿ) ಪೂರ್ತಿ ತೆರೆದಾಗ ಅಂಚಿನ ಕಡೆಗೆ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆ ಅರ್ಧಂಬರ್ಧ ಕತ್ತರಿಸುತ್ತದೆ. ಗುಂಡಗಿರಬೇಕಾದ ಬೆಳಕಿನ ಚುಕ್ಕೆಗಳು ಅಲ್ಲಿ ಬೆಕ್ಕಿನ ಕಣ್ಣಿನ ಆಕಾರ ತಾಳಿ, ನಡುವಿನ ಸುತ್ತ ಸುತ್ತಿದಂತೆ ಕಾಣುತ್ತವೆ. ಕಿಂಡಿಯನ್ನು ಚಿಕ್ಕದು ಮಾಡಿ ಎಫ್/5.6ಕ್ಕೆ ಇಳಿಸಿದರೆ ಸುಳಿ ಇಲ್ಲ. ಆದ್ದರಿಂದ ಲೆನ್ಸಿನ ಹೆಸರನ್ನಷ್ಟೇ ಬರೆದು ಅಪರ್ಚರ್ ಬರೆಯದಿದ್ದರೆ ನೋಡುವವರಿಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಹಾಗಾದರೆ ಕ್ಯಾಮೆರಾಕ್ಕೆ ಚಿತ್ರದಲ್ಲಿ ಪಾಲೇ ಇಲ್ಲವೇ? ಇದೆ. ಅದು ಛಾಯಾಗ್ರಾಹಕನನ್ನು ನಿಲ್ಲಿಸುವ ಭಂಗಿಯಲ್ಲಿದೆ. 1929ರಲ್ಲಿ ಬಂದ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಎಡ ಬಲ ಅದಲು ಬದಲಾಗಿ ಕಾಣುತ್ತದೆ. ಎದುರಿನ ವ್ಯಕ್ತಿಯನ್ನು ದಿಟ್ಟಿಸದೆ ಚಿತ್ರ ತೆಗೆಯಬಹುದು. ಮಗುವನ್ನು ಮಗುವಿನ ಎತ್ತರದಿಂದಲೇ ನೋಡಬಹುದು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಇದಕ್ಕೆ ತದ್ವಿರುದ್ಧ. ಸಿನಿಮಾ ಫಿಲ್ಮನ್ನು ಬಳಸಿಕೊಂಡು ಓಸ್ಕರ್ ಬರ್ನಾಕ್ ರೂಪಿಸಿದ ಆ ಪುಟ್ಟ ಯಂತ್ರ ಕಣ್ಣಿಗೆ ಅಂಟಿಕೊಂಡೇ ಇರುತ್ತದೆ, ನಡೆಯುತ್ತಲೇ ಕೆಲಸ ಮಾಡುತ್ತದೆ. ಕ್ಯಾಮೆರಾಗಳ ಬಗ್ಗೆ ವಾದ ಮಾಡುವುದಾದರೆ ಇಂಥ ಸಂಗತಿಗಳ ಮೇಲೆ ಮಾಡೋಣ.

ಈಗ ನೆಗೆಟಿವ್. ನಾವು ಪರಸ್ಪರ ತೋರಿಸುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಚಿತ್ರ. ಸ್ಕ್ಯಾನರ್ ಸುಮ್ಮನಿರುವ ಯಂತ್ರವಲ್ಲ. ಅದರ ತಂತ್ರಾಂಶ ಎಲ್ಲ ಚಿತ್ರಗಳನ್ನೂ ಒಂದೇ ಸಮ ಮಾಡಲು ಹವಣಿಸುತ್ತದೆ. ತೆಳ್ಳಗಿನ, ಅಂದರೆ ಕಪ್ಪು ಕಡಿಮೆ ಇರುವ, ನೆಗೆಟಿವ್ ಇದ್ದರೆ ಎಳೆದು ದಟ್ಟ ಮಾಡುತ್ತದೆ, ದಟ್ಟವಾಗಿದ್ದರೆ ತಿಳಿ ಮಾಡುತ್ತದೆ. ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆಯನ್ನು ಕಳೆಯುವಾಗಲಂತೂ ಅದು ತನಗೆ ತೋಚಿದ ಬಣ್ಣವನ್ನು ಕೊಡುತ್ತದೆ. ಎರಡು ಫಿಲ್ಮುಗಳ ಬಣ್ಣವನ್ನು ಹೋಲಿಸುತ್ತಿದ್ದೇವೆ ಎಂದುಕೊಂಡು ನಾವು ಎರಡು ಸ್ಕ್ಯಾನರುಗಳನ್ನು ಹೋಲಿಸಿ ಜಗಳವಾಡುತ್ತಿರುತ್ತೇವೆ.

ಬಿಳಿ ಬೆಳಕಿನ ಮೇಲಿಟ್ಟ ನೆಗೆಟಿವ್ ಮಾತ್ರ ನಡೆದದ್ದನ್ನು ನಡೆದಂತೆ ಹೇಳುತ್ತದೆ. ಅದರ ಅಂಚನ್ನು ನೋಡಿ. ಫಿಲ್ಮಿನ ಹೆಸರು, ಚೌಕಟ್ಟಿನ ಅಂಕಿಗಳು ಅಲ್ಲಿರುತ್ತವೆ. ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿದ ಗುರುತುಗಳವು, ನಿಮ್ಮ ಕ್ಯಾಮೆರಾದ ಸೋಂಕೇ ಅವಕ್ಕಿಲ್ಲ. ಅವು ಎಷ್ಟು ಕಪ್ಪಾಗಿವೆ ಎಂಬುದನ್ನು ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಒಂದೇ ತೀರ್ಮಾನಿಸುತ್ತದೆ. ಅಂಚಿನ ಅಂಕಿಗಳು ಗಾಢವಾಗಿದ್ದು ಚಿತ್ರ ಪೇಲವವಾಗಿದ್ದರೆ ಸಂಸ್ಕರಣೆ ಸರಿಯಾಗಿದೆ, ಬೆಳಕು ಕೊಟ್ಟದ್ದು ಕಡಿಮೆ. ಅಂಕಿಗಳೂ ಮಂಕಾಗಿದ್ದರೆ ಡೆವಲಪರ್ ಹಳತಾಗಿತ್ತು, ತಣ್ಣಗಿತ್ತು, ಇಲ್ಲವೇ ಸಮಯ ಸಾಲಲಿಲ್ಲ. ಪ್ರಯೋಗಾಲಯದವರನ್ನು ಬೈಯುವ ಮೊದಲು ಇದನ್ನೊಮ್ಮೆ ನೋಡಿದರೆ ಎಷ್ಟೋ ಮನಸ್ತಾಪಗಳು ತಪ್ಪುತ್ತವೆ.

ಬೆಳಕಿನ ಸೋರಿಕೆಯನ್ನೂ ಇದೇ ರೀತಿ ಪತ್ತೆ ಹಚ್ಚಬಹುದು. ಸೋರಿಕೆಯ ಕಲೆ ಚೌಕಟ್ಟನ್ನು ದಾಟಿ ಫಿಲ್ಮಿನ ಅಂಚಿನ ಹಲ್ಲುರಂಧ್ರಗಳವರೆಗೆ ಹರಿದಿದ್ದರೆ ಹಿಂಬಾಗಿಲಿನಲ್ಲಿ ಬೆಳಕು ತಡೆಯುವ ನೊರೆಪಟ್ಟಿ ಪುಡಿಯಾಗಿರಬೇಕು, ಅಥವಾ ಫಿಲ್ಮಿನ ಡಬ್ಬಿಗೇ ಬೆಳಕು ಹೊಕ್ಕಿರಬೇಕು. ಕಲೆ ಚೌಕಟ್ಟಿನೊಳಗೇ ನಿಂತಿದ್ದರೆ ದೋಷ ಮುಂದಿನದು: ಶಟರಿನ ಬಟ್ಟೆಯಲ್ಲಿ ತೂತು, ಮಡಚುವ ಕ್ಯಾಮೆರಾ ಆಗಿದ್ದರೆ ಅದರ ತಿದಿಯಲ್ಲಿ ಬಿರುಕು. ಕತ್ತಲೆ ಕೋಣೆಯಲ್ಲಿ ತಿದಿಯೊಳಗೆ ಸಣ್ಣ ಟಾರ್ಚ್ ಹಿಡಿದರೆ ತೂತುಗಳು ನಕ್ಷತ್ರಗಳಂತೆ ಹೊಳೆಯುತ್ತವೆ. ಆಕಾಶದ ಚಿತ್ರದಲ್ಲಿ ಒಂದು ಬದಿ ಮಾತ್ರ ಕಪ್ಪಾಗಿದ್ದು, ಅದು 1/1000 ಸೆಕೆಂಡಿನಂಥ ವೇಗದಲ್ಲಷ್ಟೇ ಕಂಡುಬಂದರೆ ಶಟರಿನ ಎರಡು ಪರದೆಗಳ ಓಟ ಹೊಂದುತ್ತಿಲ್ಲ ಎಂದರ್ಥ. ಹಲ್ಲುರಂಧ್ರಗಳ ನೇರಕ್ಕೆ ಪಟ್ಟೆಗಳು ಮೂಡಿದ್ದರೆ ಡೆವಲಪ್ ಮಾಡುವಾಗ ಟ್ಯಾಂಕನ್ನು ಕುಲುಕಿದ್ದು ವಿಪರೀತವಾಯಿತು. ಉಗುರಿನಾಕಾರದ ಕಪ್ಪು ಗುರುತು ಫಿಲ್ಮನ್ನು ಸುರುಳಿಗೆ ಏರಿಸುವಾಗ ಅದು ಬೆರಳಿನ ಒತ್ತಡಕ್ಕೆ ಮಡಚಿಕೊಂಡಿದ್ದಕ್ಕೆ ಸಾಕ್ಷಿ. ಇದ್ಯಾವುದನ್ನೂ ಸ್ಕ್ಯಾನ್ ಮಾಡಿ ಅಂಚು ಕತ್ತರಿಸಿದ ಚಿತ್ರದಿಂದ ಖಚಿತವಾಗಿ ಹೇಳಲಾಗದು.

ಹಳೆಯ ಪೆಟ್ಟಿಗೆ ಕ್ಯಾಮೆರಾಗಳ ಬೆನ್ನಿನ ಕೆಂಪು ಕಿಂಡಿಯ ಬಗ್ಗೆ ಒಂದು ಮಾತು. 1901ರಲ್ಲಿ ಕೊಡಾಕ್ ತಂದ 120 ಎಂಬ ಅಳತೆಯ ಫಿಲ್ಮಿನ ಬೆನ್ನಿಗಿರುವ ಕಾಗದದ ಮೇಲಿನ ಅಂಕಿಗಳನ್ನು ಅದರಲ್ಲಿ ಓದುತ್ತೇವೆ. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಹಾಗಾಗಿ ಕಿಂಡಿ ನಿರುಪದ್ರವಿ. ಇಂದಿನ ಸಾಮಾನ್ಯ ಕಪ್ಪು ಬಿಳುಪು ಫಿಲ್ಮಿಗೆ ಕೆಂಪೂ ಕಾಣುತ್ತದೆ. ಕಿಂಡಿಯ ಮೇಲೆ ಕಪ್ಪು ಟೇಪ್ ಅಂಟಿಸಿ, ಫಿಲ್ಮ್ ತಿರುಗಿಸುವಾಗ ಮಾತ್ರ ನೆರಳಿನಲ್ಲಿ ತೆರೆಯಿರಿ.

ಬೆಳಕು ಅಳೆಯುವ ಮೀಟರ್ ಇರುವ 1960ರ ದಶಕದ ಹಲವು ಕ್ಯಾಮೆರಾಗಳಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕಿತ್ತು. ಅವು ಈಗ ಇಲ್ಲ. 1.5 ವೋಲ್ಟಿನದನ್ನು ಹಾಕಿದರೆ ಮೀಟರ್ ಇಲ್ಲದ ಬೆಳಕನ್ನು ಇದೆ ಎನ್ನುತ್ತದೆ, ಚಿತ್ರ ಕಪ್ಪಾಗುತ್ತದೆ. ಹೊಸಬರ ತೆಳ್ಳಗಿನ ನೆಗೆಟಿವ್‌ಗಳಿಗೆ ಇದು ಅಪರೂಪದ ಕಾರಣವೇನಲ್ಲ. ಸಂಶಯವಿದ್ದರೆ ಮೀಟರನ್ನು ಮರೆತುಬಿಡಿ: ಪೂರ್ಣ ಬಿಸಿಲಿನಲ್ಲಿ ಎಫ್/16, ಶಟರ್ ವೇಗಕ್ಕೆ, ಸೆಕೆಂಡಿನ ಭಾಗವಾಗಿ, ಫಿಲ್ಮಿನ ಐಎಸ್‌ಒ (ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಎಂಬುದರ) ಅಂಕಿ ಅಥವಾ ಅದರ ಹತ್ತಿರದ್ದು. 100ರ ಫಿಲ್ಮಿಗೆ 1/125 ಇಟ್ಟರೆ ಸಾಕು.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಹಳೆಯ ಕ್ಯಾಮೆರಾ ಕೊಂಡಾಗ ಒಳಗೆ ಯಾರದೋ ಫಿಲ್ಮ್ ಸಿಗುವುದುಂಟು. ಬೆಳಕು ಬಿದ್ದು ಡೆವಲಪ್ ಆಗದ ಫಿಲ್ಮ್ ಬಹುಕಾಲ ಬದುಕಬಲ್ಲದು. ಉತ್ತರ ಧ್ರುವಕ್ಕೆಂದು 1897ರಲ್ಲಿ ಬಲೂನಿನಲ್ಲಿ ಹೊರಟ ಸ್ವೀಡನ್ನಿನ ಆಂಡ್ರೆ ಮತ್ತು ಅವರ ಇಬ್ಬರು ಜೊತೆಗಾರರು ಮರಳಲಿಲ್ಲ. 1930ರಲ್ಲಿ ಕ್ವಿಟೊಯಾ ದ್ವೀಪದಲ್ಲಿ ಅವರ ಅವಶೇಷಗಳೂ ಜೊತೆಗಾರರಲ್ಲೊಬ್ಬರಾದ ನಿಲ್ಸ್ ಸ್ಟ್ರಿಂಡ್‌ಬರ್ಗ್ ತೆಗೆದ ಫಿಲ್ಮುಗಳೂ ದೊರೆತವು. ಸ್ಟಾಕ್‌ಹೋಮ್‌ನ ಛಾಯಾಗ್ರಹಣ ತಜ್ಞ ಜಾನ್ ಹರ್ಟ್ಸ್‌ಬರ್ಗ್ 240 ಚೌಕಟ್ಟುಗಳಲ್ಲಿ 93ನ್ನು ಉಳಿಸಿದರು. ಮಂಜಿನ ಮೇಲೆ ಬಿದ್ದ ಬಲೂನು ಅವುಗಳಲ್ಲಿ ಕಾಣುತ್ತದೆ. ಅದು ಇತಿಹಾಸ, ಎಲ್ಲರೂ ನೋಡಬೇಕಾದದ್ದು. ಆದರೆ ನಿಮಗೆ ಸಿಕ್ಕಿದ್ದು ಯಾವುದೋ ಮನೆಯ ಹುಟ್ಟುಹಬ್ಬ. ಗುರುತು ಸಿಗುವ ಮುಖಗಳನ್ನು ‘ಸಿಕ್ಕಿತು, ನೋಡಿ’ ಎಂದು ಎಲ್ಲರ ಮುಂದೆ ಹರಡುವುದು ನನಗೆ ಸರಿ ಎನಿಸುವುದಿಲ್ಲ. ಕ್ಯಾಮೆರಾ ಮಾರಿದವರನ್ನು ಮೊದಲು ಕೇಳಿ.

ಕೊನೆಯದಾಗಿ, ಒಂದು ಚೌಕಟ್ಟನ್ನಲ್ಲ, ಆರು ಚೌಕಟ್ಟುಗಳ ಪಟ್ಟಿಯನ್ನೇ ತೋರಿಸಿ. ಆಯ್ಕೆಯಾದ ಚಿತ್ರದ ಹಿಂದಿನದರಲ್ಲಿ ಏನು ಅಡ್ಡ ಬಂದಿತ್ತು, ಮುಂದಿನದರಲ್ಲಿ ಎಷ್ಟು ಹೆಜ್ಜೆ ಹತ್ತಿರ ಹೋದಿರಿ, ಯಾವುದನ್ನು ಬಿಟ್ಟಿರಿ ಎಂಬುದು ಆಗ ಕಾಣುತ್ತದೆ. ಚಿತ್ರವೇ ಚೆನ್ನಾಗಿಲ್ಲದಿದ್ದರೆ ಯಾವ ಫಿಲ್ಮೂ ಅದನ್ನು ಕಾಪಾಡದು ಎಂದು ಹೇಳುವ ಧೈರ್ಯ ನಮಗೂ, ಕೇಳುವ ತಾಳ್ಮೆ ನಿಮಗೂ ಇರಲಿ. ಪಕ್ಕದ ಮೇಜಿನ ಮೇಲೆ ಬೆಳಕಿನ ಪೆಟ್ಟಿಗೆಯೂ ಒಂದು ಭೂತಗನ್ನಡಿಯೂ ಇವೆ. ನೆಗೆಟಿವ್ ತಂದವರು ಅಂಚು ಹಿಡಿದು ತೆಗೆದು ಅಲ್ಲಿಡಿ, ಮೊದಲು ಅಂಕಿಗಳನ್ನು ಓದೋಣ.